ನೆಟ್ಟಗೆ ನಿಲ್ಲಲೆಂದು ವಾಲಿಸಿದ ಹೂಜಿ: ಒಂದು ಪಿಂಗಾಣಿ ಕೆಲಸದ ದಿನಚರಿ

ಮೂವತ್ತು ಹೂಜಿಗಳ ಕೆಲಸ ನಿನ್ನೆ ಮುಗಿಯಿತು. 108 ದಿನ ಹಿಡಿಯಿತು. ನಾನು ಅಂದುಕೊಂಡಿದ್ದು 45 ದಿನ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ತಿಗರಿಯ ಮೇಲೆ ಕೆಲಸ ಮಾಡುವವರು ಯಾರಾದರೂ ಪಿಂಗಾಣಿ ಕಾರ್ಖಾನೆಯ ಜೊತೆ ಸೇರಿ ಏನಾದರೂ ಮಾಡಲು ಹೊರಟರೆ, ನಾನು ಎಡವಿದ ಕಡೆ ಅವರು ಎಡವದೆ ಇರಲಿ.

ನಾನು ಇಪ್ಪತ್ತು ವರ್ಷದಿಂದ ಸ್ಟೋನ್‌ವೇರ್, ಅಂದರೆ ದಪ್ಪ, ಗಟ್ಟಿ ಮಣ್ಣಿನ ಪಾತ್ರೆ, ಮಾಡುತ್ತಿದ್ದೇನೆ. ಪಿಂಗಾಣಿ ಮುಟ್ಟಿದ್ದು ಕಡಿಮೆ. ಕಾರ್ಖಾನೆ ತುಂಬ ಹಳೆಯದು. ಅಲ್ಲಿ ಇವತ್ತಿಗೂ ಪ್ಲಾಸ್ಟರ್ ಅಚ್ಚಿಗೆ ಕೈಯಲ್ಲೇ ಸ್ಲಿಪ್ ಸುರಿಯುತ್ತಾರೆ. ಸ್ಲಿಪ್ ಅಂದರೆ ನೀರಲ್ಲಿ ಕಲಸಿದ ಮಣ್ಣಿನ ಗಂಜಿ. ಅಚ್ಚು ಅದರ ನೀರು ಹೀರುತ್ತಾ ಹೋದಂತೆ ಒಳಮೈಗೆ ಮಣ್ಣಿನ ಗೋಡೆ ಕಟ್ಟುತ್ತದೆ, ಮಿಕ್ಕ ಸ್ಲಿಪ್ ಹೊರಗೆ ಸುರಿದರೆ ಪಾತ್ರೆ ಉಳಿಯುತ್ತದೆ. ಇದೇ ಎರಕ. ನೀಲಿ ಬಣ್ಣವನ್ನೂ ಕೈಯಲ್ಲೇ ಬರೆಯುತ್ತಾರೆ. ನನ್ನ ಆಸೆ ಇಷ್ಟೇ: ತಿಗರಿಯ ಮೇಲೆ ಬೆರಳು ಬಿಡುವ ಸುರುಳಿ ಗೆರೆ ಆ ಬಿಳಿ, ತೆಳು ಪಿಂಗಾಣಿಯಲ್ಲಿ ಹಾಗೇ ಉಳಿಯಬೇಕು. ಸುಟ್ಟ ಮೇಲೆ 240 ಮಿ.ಮೀ. ಎತ್ತರ, ಬಾಯಿ 90 ಮಿ.ಮೀ. ಅಗಲ, ಗೋಡೆ 3 ಮಿ.ಮೀ. ದಪ್ಪ. ಒಂದು ಹಿಡಿ, ಒಂದು ಕೊಕ್ಕು.

ಈ ಆಸೆ ಹುಟ್ಟಿಸಿದ್ದು ಮಾರ್ಗರೀಟ ಫ್ರೀಡ್‌ಲ್ಯಾಂಡರ್. ಜರ್ಮನಿಯ ಬೌಹೌಸ್ ಕಲಾಶಾಲೆಯ ಕುಂಬಾರಿಕೆ ಕಾರ್ಯಾಗಾರದಲ್ಲಿ ತಿಗರಿ ಕಲಿತ ಅವರು 1930ರ ಸುಮಾರಿಗೆ ಬರ್ಲಿನ್‌ನ ಕೆಪಿಎಂ ಪಿಂಗಾಣಿ ಕಾರ್ಖಾನೆಗೆ ‘ಹಾಲೆ’ ಮಾದರಿಯ ಪಾತ್ರೆಗಳನ್ನು ಮಾಡಿಕೊಟ್ಟರು. ಆ ಪಾತ್ರೆಗಳ ಚಿತ್ರ ನನ್ನ ಕೆಲಸದ ಮೇಜಿನ ಎದುರಿಗೆ ಎಷ್ಟೋ ವರ್ಷದಿಂದ ಇದೆ.

ದಿನ 1: ಅಳತೆಪಟ್ಟಿ

ಮಾದರಿ ಹೂಜಿಯನ್ನು ತಿಗರಿಯ ಮೇಲೆ ಎತ್ತಿ, ಅರೆ ಒಣಗಿಸಿ, ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಿದ್ದೆ. ಕಾರ್ಖಾನೆಯವರು ಮೊದಲೇ ಫೋನಿನಲ್ಲಿ ಹೇಳಿದ್ದರು, ‘ನಮ್ಮ ಮಣ್ಣು ಒಟ್ಟು 15 ಶೇಕಡಾ ಕುಗ್ಗುತ್ತದೆ’ ಅಂತ. ನಾನು 240ಕ್ಕೆ 15 ಶೇಕಡಾ ಕೂಡಿಸಿ 276 ಮಿ.ಮೀ. ಮಾಡಿದ್ದೆ.

ಅಚ್ಚಿನ ಮೇಸ್ತ್ರಿ ಹೂಜಿಯನ್ನು ಒಂದು ಸುತ್ತು ತಿರುಗಿಸಿ ನೋಡಿದರು. ಮಾತಾಡಲಿಲ್ಲ. ಗೋಡೆಯ ಮೊಳೆಯಿಂದ ಒಂದು ಮರದ ಅಳತೆಪಟ್ಟಿ ತೆಗೆದು ಪಕ್ಕಕ್ಕೆ ಹಿಡಿದರು. ಪಟ್ಟಿಯ ಅಂಚು ಮುಟ್ಟಿ ಮುಟ್ಟಿ ಕಪ್ಪಾಗಿತ್ತು. ಅದರ ಮೇಲಿನ ಒಂದೊಂದು ಮಿಲಿಮೀಟರೂ ನಿಜವಾದ ಮಿಲಿಮೀಟರಿಗಿಂತ ದೊಡ್ಡದು. ಹಸಿ ಪಾತ್ರೆಯ ಮೇಲೆ ಇಟ್ಟರೆ ಸುಟ್ಟ ಮೇಲಿನ ಅಳತೆಯನ್ನೇ ಹೇಳುತ್ತದೆ.

‘ನೋಡಿ ಮೇಡಂ, 235ಕ್ಕೂ ಸ್ವಲ್ಪ ಕಡಿಮೆ ಇದೆ.’

ಆಗ ಗೊತ್ತಾಯಿತು. ಕುಗ್ಗುವುದು ದೊಡ್ಡ ಅಳತೆಯ 15 ಶೇಕಡಾ, ಚಿಕ್ಕ ಅಳತೆಯದ್ದಲ್ಲ. 276ರಲ್ಲಿ 15 ಶೇಕಡಾ ಹೋದರೆ 234.6 ಉಳಿಯುತ್ತದೆ. 240 ಬೇಕಾದರೆ 240ನ್ನು 0.85ರಿಂದ ಭಾಗಿಸಬೇಕು, ಅಂದರೆ 282. ಸ್ಟೋನ್‌ವೇರ್‌ನಲ್ಲಿ ನಾನು ಯಾವತ್ತೂ ಈ ಲೆಕ್ಕವನ್ನು ಇಷ್ಟು ಬಿಗಿಯಾಗಿ ಮಾಡಿರಲಿಲ್ಲ. ಐದು ಮಿಲಿಮೀಟರ್ ಆ ಕಡೆ ಈ ಕಡೆ ಆದರೂ ನಡೆಯುತ್ತಿತ್ತು.

ಮೇಸ್ತ್ರಿ ಇನ್ನೊಂದು ಮಾತು ಸೇರಿಸಿದರು. ಎತ್ತರದ ಪಾತ್ರೆ ತನ್ನ ಭಾರಕ್ಕೇ ಒಂಚೂರು ಕೂರುತ್ತದೆ. ಅದಕ್ಕೇ ಅಗಲಕ್ಕೆ 15 ಹಿಡಿದರೆ ಎತ್ತರಕ್ಕೆ 16 ಹಿಡಿಯಬೇಕು. ಹಾಗಾಗಿ ಎತ್ತರ 286 ಮಿ.ಮೀ. ಆಯಿತು.

ಮಣ್ಣಿನ ಲೆಕ್ಕ ಮಾತ್ರ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅರ್ಧ ಕೇಯೊಲಿನ್ ಅನ್ನುವ ಬಿಳಿ ಮಣ್ಣು, ಮಿಕ್ಕದ್ದು ಕಲ್ಲಿನ ಪುಡಿ: ಕಾಲು ಭಾಗ ಫೆಲ್ಡ್‌ಸ್ಪಾರ್, ಕಾಲು ಭಾಗ ಕ್ವಾರ್ಟ್ಜ್ ಅನ್ನುವುದು ಎಲ್ಲರಿಗೂ ಗೊತ್ತಿರುವ ಹದ. ಅದರೊಳಗಿನ ಸಣ್ಣ ಹೆಚ್ಚುಕಡಿಮೆ ಒಂದೊಂದು ಕಾರ್ಖಾನೆಯ ಸ್ವಂತ ಆಸ್ತಿ. 1710ರಲ್ಲಿ ಜರ್ಮನಿಯ ಮೈಸೆನ್ ಪಿಂಗಾಣಿ ಕಾರ್ಖಾನೆ ಶುರುವಾದಾಗ ಈ ಗುಟ್ಟು ಹೊರಗೆ ಹೋಗಬಾರದೆಂದೇ ಅದನ್ನು ಕೋಟೆಯೊಳಗೆ ಇಟ್ಟಿದ್ದರು.

ದಿನ 2ರಿಂದ 6: ಹೊಸ ಮಾದರಿ

ಕಾರ್ಖಾನೆಯ ತಿಗರಿಯ ಮೇಲೆ ಮತ್ತೆ ಎತ್ತಿದೆ. ಮೂರನೆಯದು ಸರಿ ಬಂತು. ಗೆರೆಗಳ ಆಳ 2 ಮಿ.ಮೀ. ಅದರಿಂದ ಒಂದು ಅಚ್ಚು ತೆಗೆದು, ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಗಟ್ಟಿ ಪ್ಲಾಸ್ಟರ್ ಹೂಜಿ ಮಾಡಿಕೊಂಡೆವು. ಮಣ್ಣಿನ ಮಾದರಿ ಒಣಗುತ್ತಾ ಕುಗ್ಗುತ್ತಾ ಇರುತ್ತದೆ. ಪ್ಲಾಸ್ಟರ್ ಇದ್ದ ಹಾಗೇ ಇರುತ್ತದೆ, ಅರದಲ್ಲಿ ಉಜ್ಜಿ ತಿದ್ದಲೂಬಹುದು. ಈ ತಿದ್ದುವ ಅನುಕೂಲವೇ ಮುಂದೆ ನನ್ನನ್ನು ಕಾಪಾಡಿತು.

ಅಚ್ಚು ಎಲ್ಲಿ ಎರಡಾಗಬೇಕು ಅನ್ನುವುದರ ಬಗ್ಗೆ ಸ್ವಲ್ಪ ಚರ್ಚೆಯಾಯಿತು. ನಾನು ಎಡಕ್ಕೊಂದು ಬಲಕ್ಕೊಂದು ಕೂಡುಗೆರೆ ಬರುವ ಹಾಗೆ ಗುರುತು ಹಾಕಿದ್ದೆ. ಮೇಸ್ತ್ರಿ ಅದನ್ನು ಅಳಿಸಿ, ಒಂದು ಗೆರೆ ಹಿಡಿಯ ಹಿಂದೆ, ಇನ್ನೊಂದು ಕೊಕ್ಕಿನ ಕೆಳಗೆ ಬರುವಂತೆ ಮಾಡಿದರು. ಒಂದು ಗೆರೆಯನ್ನು ಹಿಡಿಯೇ ಮುಚ್ಚುತ್ತದೆ. ಇನ್ನೊಂದರ ಮೇಲೆ ಕಣ್ಣು ಹೋಗುವುದು ಕಡಿಮೆ.

ದಿನ 7ರಿಂದ 13: ಅಚ್ಚು, ಮತ್ತು ನನ್ನ ದುಬಾರಿ ಆತುರ

ಹಿಡಿಯದ್ದು ಬೇರೆ ಪುಟ್ಟ ಅಚ್ಚು. ಹೂಜಿಯ ಅಚ್ಚು ಮೂರು ತುಂಡಿನದ್ದು: ಎರಡು ಪಕ್ಕ, ಒಂದು ತಳ. 100 ಭಾಗ ಪ್ಲಾಸ್ಟರಿಗೆ 70 ಭಾಗ ನೀರು, ಎರಡನ್ನೂ ತೂಕ ಮಾಡಿಯೇ ಹಾಕಬೇಕು. ನೀರು ಜಾಸ್ತಿಯಾದರೆ ಅಚ್ಚು ಬೇಗ ಸವೆಯುತ್ತದೆ. ಕಡಿಮೆಯಾದರೆ ನೀರು ಹೀರುವುದಿಲ್ಲ. ಪ್ಲಾಸ್ಟರನ್ನು ನೀರಿನ ಮೇಲೆ ಉದುರಿಸಿ, ಒಂದೆರಡು ನಿಮಿಷ ಸುಮ್ಮನೆ ನೆನೆಯಲು ಬಿಟ್ಟು, ಆಮೇಲೆ ಗುಳ್ಳೆ ಏಳದ ಹಾಗೆ ಕೈಯಾಡಿಸಬೇಕು. ಒಂದು ಅಚ್ಚಿಗೆ ಸುಮಾರು 10 ಕೆ.ಜಿ. ಪ್ಲಾಸ್ಟರ್ ಹಿಡಿಯಿತು.

ಮೇಸ್ತ್ರಿ ಹೇಳಿದ್ದು: ‘ಮೊದಲು ಒಂದೇ ಅಚ್ಚು ಮಾಡೋಣ. ಒಂದು ಸಲ ಸುಡುವ ಗೂಡಿಗೆ ಹೋಗಿ ಬರಲಿ. ಆಮೇಲೆ ತಾಯಿ ಅಚ್ಚು.’ ತಾಯಿ ಅಚ್ಚು ಅಂದರೆ ಕೆಲಸದ ಅಚ್ಚುಗಳನ್ನು ಎಷ್ಟು ಬೇಕಾದರೂ ಮತ್ತೆ ಮತ್ತೆ ತೆಗೆಯಲು ಇಟ್ಟುಕೊಳ್ಳುವ ಮೂಲ ಅಚ್ಚು.

ನಾನು ಒಪ್ಪಲಿಲ್ಲ. ಮಾದರಿ ಚೆನ್ನಾಗಿ ಬಂದಿತ್ತು, ನನಗೆ ದಿನ ಉಳಿಸಬೇಕಿತ್ತು. ತಾಯಿ ಅಚ್ಚೂ ಮಾಡಿಸಿದೆ, ಮೂರು ಕೆಲಸದ ಅಚ್ಚೂ ಮಾಡಿಸಿದೆ. ಒಟ್ಟು 46 ಕೆ.ಜಿ. ಪ್ಲಾಸ್ಟರ್. ಅದರಲ್ಲಿ 36 ಕೆ.ಜಿ. ದಂಡವಾಯಿತು. ಇಡೀ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಇದೇ ದೊಡ್ಡದು. ಅದೂ ಗೊತ್ತಿಲ್ಲದೆ ಮಾಡಿದ್ದಲ್ಲ, ಹೇಳಿದ ಮೇಲೂ ಮಾಡಿದ್ದು.

ಅಚ್ಚುಗಳು 40 ಡಿಗ್ರಿ ಬಿಸಿಯ ಕೋಣೆಯಲ್ಲಿ ಐದು ದಿನ ಒಣಗಿದವು. ಒಂದನ್ನು ಬೇಗ ಒಣಗಲೆಂದು ಗೂಡಿನ ಗೋಡೆಗೆ ಒರಗಿಸಿಟ್ಟೆ. ಅದರ ಮೂಲೆ ಪುಡಿಪುಡಿಯಾಯಿತು. ಪ್ಲಾಸ್ಟರಿಗೆ ಬಿಸಿ ಹೆಚ್ಚಾದರೆ ಹಿಡಿತ ಬಿಟ್ಟುಹೋಗುತ್ತದೆ.

ದಿನ 14: ನೀರು ಹಾಕಬಾರದಿತ್ತು

ಸ್ಲಿಪ್ ತೊಟ್ಟಿಯಲ್ಲಿ 20 ಲೀಟರ್ ಇತ್ತು. ರಾತ್ರಿಯೆಲ್ಲ ನಿಂತು ಮೊಸರಿನ ಹಾಗೆ ಹೆಪ್ಪುಗಟ್ಟಿತ್ತು. ಸುರಿದರೆ ಹರಿಯುತ್ತಿರಲಿಲ್ಲ. ಅಲ್ಲಿ ಯಾರೂ ಇರಲಿಲ್ಲ. ನಾನು ಒಂದು ಲೀಟರ್ ನೀರು ಸುರಿದು ಕಲಕಿದೆ. ಚೆನ್ನಾಗಿ ಹರಿಯಿತು, ಖುಷಿಯೂ ಆಯಿತು.

ಅವತ್ತು ತೆಗೆದ ಮೂರು ಎರಕವೂ ತಳದಲ್ಲಿ ನಕ್ಷತ್ರದ ಹಾಗೆ ಸೀಳಿದವು. ಅಚ್ಚು ಒದ್ದೆಯಾಗಿ ಕೂತಿತು.

ಮೇಸ್ತ್ರಿ ಬಂದು ಒಂದು ಲೀಟರ್ ಸ್ಲಿಪ್ ತೂಗಿದರು. 1780 ಗ್ರಾಂ ಇರಬೇಕಾದ್ದು 1743 ಇತ್ತು. ಹೆಪ್ಪುಗಟ್ಟಿದ ಸ್ಲಿಪ್‌ಗೆ ಮೊದಲು ಕಡೆಯುವುದು, ಆಮೇಲೂ ಹರಿಯದಿದ್ದರೆ ನೀರಿಲ್ಲದೆಯೇ ಸ್ಲಿಪ್ ತೆಳುವಾಗಿಸುವ ಸೋಡಿಯಂ ಸಿಲಿಕೇಟ್ ದ್ರವವನ್ನು ಹನಿ ಹನಿಯಾಗಿ ಹಾಕುವುದು. ಅದೂ ಎರಡು ಹನಿ ಹಾಕಿ, ಕಲಕಿ, ನೋಡಿ, ಮತ್ತೆ ಎರಡು. ಅದು ಜಾಸ್ತಿಯಾದರೂ ಕೆಟ್ಟದ್ದೇ, ಎರಕ ಗರಿಗರಿಯಾಗಿ ಒಡೆಯುತ್ತದೆ. ನೀರನ್ನು ಮಾತ್ರ ಮುಟ್ಟಬಾರದು. ಒಣ ಮಣ್ಣು ಸೇರಿಸಿ ತೂಕ ಮತ್ತೆ 1780ಕ್ಕೆ ತರಲು ಒಂದೂವರೆ ದಿನ ಹೋಯಿತು. ಜರಡಿ ಹಿಡಿದು, ಕಬ್ಬಿಣದ ಕಣ ಹಿಡಿಯುವ ಆಯಸ್ಕಾಂತದ ಮೇಲೂ ಹರಿಸಬೇಕಾಯಿತು.

ಅವತ್ತಿನಿಂದ ಪ್ರತಿದಿನ ಬೆಳಿಗ್ಗೆ ನನ್ನ ಮೊದಲ ಕೆಲಸ ಒಂದು ಲೀಟರ್ ತೂಗುವುದು.

ದಿನ 16ರಿಂದ 19: ಎರಕ

ಹೂಜಿಯ ಅಚ್ಚಿಗೆ ಸುಮಾರು 2.6 ಲೀಟರ್ ಹಿಡಿಯುತ್ತದೆ. ಒಂದೇ ಧಾರೆಯಲ್ಲಿ, ನಿಲ್ಲಿಸದೆ, ಅಚ್ಚಿನ ಮಧ್ಯಕ್ಕೆ ಸುರಿಯಬೇಕು. ಗೋಡೆಗೆ ಬಡಿಯುವಂತೆ ಸುರಿದರೆ ಆ ಜಾಗದಲ್ಲಿ ಒಂದು ಮಚ್ಚೆ ಉಳಿಯುತ್ತದೆ. ಹಸಿಯಲ್ಲಿ ಕಾಣದಿದ್ದರೂ ಸುಟ್ಟ ಮೇಲೆ ಕಾಣುತ್ತದೆ.

ಹಸಿ ಗೋಡೆ 3.5 ಮಿ.ಮೀ. ಆಗಬೇಕಿತ್ತು. ನನ್ನ ಪುಸ್ತಕದಲ್ಲಿ ಬರೆದ ಸಮಯ ಹೀಗಿದೆ. ಒಣ ಅಚ್ಚಿಗೆ ದಿನದ ಮೊದಲ ಎರಕ: 9 ನಿಮಿಷ. ಅದೇ ಅಚ್ಚಿಗೆ ಎರಡನೆಯದು: 13 ನಿಮಿಷ. ಮೂರನೆಯದು: 19 ನಿಮಿಷ. ಅಷ್ಟಾದರೂ ಗೋಡೆ ಮೆತ್ತಗೆ, ಬಿಡಿಸುವಾಗ ಹರಿಯಿತು. ಆಮೇಲೆ ದಿನಕ್ಕೆ ಒಂದು ಅಚ್ಚಿಗೆ ಎರಡೇ ಎರಕ ಅಂತ ನಿಲ್ಲಿಸಿದೆ.

ಒಟ್ಟು 14 ತೆಗೆದೆ. ಕೊನೆಯ ಸುಡುವಿಕೆಯವರೆಗೆ ಬಂದದ್ದು 6.

ದಿನ 20ರಿಂದ 25: ಹಿಡಿ ಅಂಟಿಸುವುದು, ಗೆರೆ ಉಜ್ಜುವುದು

ಹಿಡಿಯ ತೂಕ 74 ಗ್ರಾಂ. ಹೂಜಿ ಅರೆ ಒಣಗಿದಾಗ ಎರಡೂ ಕಡೆ ಗೀಚಿ, ಗಟ್ಟಿ ಸ್ಲಿಪ್ ಹಚ್ಚಿ ಅಂಟಿಸಬೇಕು. ನಾನು ಹಿಂದಿನ ದಿನ ತೆಗೆದ ಹಿಡಿಯನ್ನು ಅವತ್ತಿನ ಹೂಜಿಗೆ ಅಂಟಿಸಿದೆ. ಹಿಡಿ ಒಣಗಿತ್ತು, ಹೂಜಿ ಹಸಿ ಇತ್ತು. ಕೆಳಗಿನ ಬೆಸುಗೆಯಲ್ಲಿ ಕೂದಲೆಳೆಯಂಥ ಸೀಳು ಬಂತು. ಒದ್ದೆ ಬಟ್ಟೆ ಹಾಸಿದ ಮುಚ್ಚಿದ ಪೆಟ್ಟಿಗೆಯಲ್ಲಿ ಎರಡನ್ನೂ ಒಂದು ರಾತ್ರಿ ಒಟ್ಟಿಗೆ ಇಟ್ಟು, ಬೆಳಿಗ್ಗೆ ಅಂಟಿಸಿದರೆ ಸೀಳು ಬರಲಿಲ್ಲ. ಇಷ್ಟೇ ಸಂಗತಿ. ಆದರೆ ಇದು ತಿಳಿಯುವ ಹೊತ್ತಿಗೆ ಮೂರು ಹೂಜಿ ಹೋಗಿದ್ದವು.

ಕೂಡುಗೆರೆಯನ್ನು ಅರೆ ಒಣಗಿದಾಗಲೇ ಚೂರಿಯಲ್ಲಿ ಹೆರೆದು, ಒದ್ದೆ ಸ್ಪಂಜಿನಲ್ಲಿ ಒರೆಸಿದೆ. ಬೆರಳಿಗೆ ಏನೂ ಸಿಗುತ್ತಿರಲಿಲ್ಲ. ಮುಗಿಯಿತು ಅಂದುಕೊಂಡೆ.

ದಿನ 26ರಿಂದ 30: ಬಿಸ್ಕ್, ನೀಲಿ, ಗ್ಲೇಜ್

ಮೊದಲ ಸುಡುವಿಕೆ, ಅಂದರೆ ಬಿಸ್ಕ್, 950 ಡಿಗ್ರಿ. ಇಲ್ಲಿ ತೊಂದರೆ ಏನೂ ಇರಲಿಲ್ಲ. ಪಾತ್ರೆ ಅಷ್ಟೇನೂ ಕುಗ್ಗುವುದಿಲ್ಲ, ನೀರು ಹೀರುವ ಗುಣವೂ ಉಳಿದಿರುತ್ತದೆ.

ನೀಲಿ ಅಂದರೆ ಕೋಬಾಲ್ಟ್. ಸುರುಳಿ ಗೆರೆಯ ಜೊತೆಗೇ ಮೇಲಿಂದ ಕೆಳಗೆ ಒಂದೇ ಒಂದು ನೀಲಿ ಎಳೆ ಇಳಿಯಬೇಕು ಅನ್ನುವುದು ನನ್ನ ಯೋಚನೆ. ಬಣ್ಣದ ಕೋಣೆಯಲ್ಲಿ ಮೂವತ್ತು ವರ್ಷದಿಂದ ಕೂತಿರುವ ಒಬ್ಬ ಅಕ್ಕ ಇದ್ದಾರೆ. ಅವರು ಹೂವಿನ ಚಿತ್ರಗಳಿಗೆ ಸೂಜಿಯಿಂದ ಚುಚ್ಚಿದ ಕಾಗದ ಇಟ್ಟು ಇದ್ದಿಲ ಪುಡಿಯನ್ನು ತಟ್ಟುತ್ತಾರೆ. ಚುಕ್ಕೆಗಳ ಗುರುತು ಬೀಳುತ್ತದೆ, ಇದ್ದಿಲು ಬೆಂಕಿಯಲ್ಲಿ ಸುಟ್ಟುಹೋಗುತ್ತದೆ. ನನ್ನ ಎಳೆಗೆ ಅದೂ ಬೇಡ, ಗೆರೆಯೇ ದಾರಿ ತೋರಿಸುತ್ತದೆ ಅಂದರು.

ನಾನು ಎಳೆಯನ್ನು ಗೆರೆಯ ತಗ್ಗಿನಲ್ಲಿ ಬರೆಯಲು ಕೇಳಿದೆ. ಮೂರು ಹಾಗೆ ಬರೆದೆವು. ಅವರು ‘ಬೇರೆ ಮೂರನ್ನು ನನ್ನ ಇಷ್ಟಕ್ಕೆ ಬಿಡಿ’ ಅಂದರು. ಅವರು ಬರೆದದ್ದು ತಗ್ಗಿನಲ್ಲೂ ಅಲ್ಲ, ಏಣಿನ ಮೇಲೂ ಅಲ್ಲ. ಏಣಿನಿಂದ ಒಂದು ಮಿಲಿಮೀಟರ್ ಕೆಳಗೆ, ಇಳಿಜಾರಿನಲ್ಲಿ. ಹೂಜಿಯನ್ನು ತಿರುಗುವ ಪೀಠದ ಮೇಲಿಟ್ಟು, ಎಡಗೈಯಲ್ಲಿ ಪೀಠ ತಿರುಗಿಸುತ್ತಾ, ಬಲಗೈಯ ಕಿರುಬೆರಳನ್ನು ಹೂಜಿಗೆ ಊರಿ, ಉಸಿರು ಬಿಡುತ್ತಾ ಬರೆದರು. ಉಸಿರು ಮುಗಿದ ಕಡೆ ಕುಂಚ ಎತ್ತಿದರು. ಮತ್ತೆ ಉಸಿರು ತೆಗೆದುಕೊಂಡು ಅದೇ ತುದಿಯಿಂದ ಮುಂದುವರಿಸಿದರು. ಬಿಸ್ಕ್ ಬಣ್ಣವನ್ನು ಮುಟ್ಟಿದ ಕೂಡಲೇ ಕುಡಿದುಬಿಡುತ್ತದೆ. ಅಳಿಸುವ ಮಾತೇ ಇಲ್ಲ. ನಾನು ಪ್ರಯತ್ನಿಸಿದ ಎಳೆಯಲ್ಲಿ ಕುಂಚ ನಿಂತ ಕಡೆಯೆಲ್ಲ ಗಂಟು ಬಿದ್ದಿತ್ತು.

ಆಮೇಲೆ ಗ್ಲೇಜಿನಲ್ಲಿ, ಅಂದರೆ ಬೆಂಕಿಯಲ್ಲಿ ಗಾಜಿನ ಹಾಗಾಗುವ ಲೇಪದಲ್ಲಿ ಅದ್ದಿ, ಹೂಜಿ ನಿಲ್ಲುವ ಅಡಿಯ ಬಳೆಯನ್ನು ಮಾತ್ರ ಸ್ಪಂಜಿನಲ್ಲಿ ಒರೆಸಿದೆವು. ಅಲ್ಲಿ ಗ್ಲೇಜ್ ಉಳಿದರೆ ಹೂಜಿ ಹಲಗೆಗೆ ಅಂಟುತ್ತದೆ.

ದಿನ 34: ಗೂಡು ತೆರೆದಾಗ

ಎರಡನೆಯ ಸುಡುವಿಕೆ 1380 ಡಿಗ್ರಿ. 1050ರ ಸುಮಾರಿನಿಂದ ಗೂಡಿಗೆ ಗಾಳಿ ಕಡಿಮೆ ಮಾಡಿ, ಹೊಗೆಯ ಉರಿಯಲ್ಲಿ ಸುಟ್ಟರು. ಹಾಗೆ ಸುಟ್ಟರೇ ಆ ತಣ್ಣನೆಯ ನೀಲಿ ಛಾಯೆಯ ಬಿಳಿ ಬರುವುದು.

ಆರು ಹೂಜಿಗಳನ್ನು ಗಾಜಿನ ಹಲಗೆಯ ಮೇಲೆ ಸಾಲಾಗಿ ಇಟ್ಟೆವು. ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಗೋಡೆಯ ಆಚೆ ಕಾಣುತ್ತಿತ್ತು. ತಗ್ಗಿನಲ್ಲಿ ಗ್ಲೇಜ್ ನಿಂತು ಗೆರೆ ಒಂದೊಂದೂ ನೀರಿನ ಅಲೆಯ ಹಾಗಿತ್ತು. ನಾನು ಆಸೆಪಟ್ಟದ್ದು ಬಂದಿತ್ತು. ಆದರೆ ಆರರಲ್ಲಿ ಒಂದೂ ಕೊಡುವಂತಿರಲಿಲ್ಲ.

ಎರಡರ ತಳ ನಡುವೆ ಜೋತು ಹಲಗೆ ಮುಟ್ಟಿ ಅಂಟಿಕೊಂಡಿತ್ತು, ಬಿಡಿಸುವಾಗ ಒಡೆಯಿತು. ನಾನು ತಳವನ್ನು ಚಪ್ಪಟೆ ಇಟ್ಟಿದ್ದೆ, ಅಡಿಯ ಬಳೆ 1.5 ಮಿ.ಮೀ. ಮಾತ್ರ ಇತ್ತು. ಒಂದರ ಹಿಡಿ ಸೀಳಿತ್ತು. ಒಂದರ ಮುಂದೆಯೇ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಅದು ಕಬ್ಬಿಣ. ನನ್ನ ಹಳೆಯ ಹೆರೆಯುವ ಚೂರಿಗೆ ತುಕ್ಕು ಹಿಡಿದಿತ್ತು. ಸ್ಟೋನ್‌ವೇರ್‌ನಲ್ಲಿ ಇಂಥ ಚುಕ್ಕೆ ಚೆಂದವಾಗಿ ಕಾಣುತ್ತದೆ. ಇಲ್ಲಿ ಒಂದು ಕಣ ಸಾಕು, ಪಾತ್ರೆ ಹಾಳು.

ಕೂಡುಗೆರೆ ಆರರಲ್ಲೂ ಮತ್ತೆ ಎದ್ದಿತ್ತು! ಹಸಿಯಲ್ಲಿ ಬೆರಳಿಗೆ ಸಿಗದಿದ್ದದ್ದು ಸುಟ್ಟ ಮೇಲೆ ದಾರದಷ್ಟು ಉಬ್ಬಿತ್ತು. ಪಿಂಗಾಣಿ ಮಣ್ಣು ನೆನಪಿಟ್ಟುಕೊಳ್ಳುತ್ತದೆ ಅಂತ ಕೇಳಿದ್ದೆ, ಅವತ್ತು ಕಣ್ಣಾರೆ ನೋಡಿದೆ. ಅಚ್ಚಿನ ಎರಡು ತುಂಡು ಸೇರುವ ಕಡೆ ಮಣ್ಣಿನ ಕಣ ಬೇರೆ ದಿಕ್ಕಿಗೆ ಕೂತಿರುತ್ತದೆ. ಮೇಲೆ ಒರೆಸಿದರೆ ಅದು ಬದಲಾಗುವುದಿಲ್ಲ.

ತಗ್ಗಿನಲ್ಲಿ ಬರೆದ ನೀಲಿ ದಪ್ಪ ಗ್ಲೇಜಿನೊಳಗೆ ಹರಡಿ ಮಸುಕಾಗಿತ್ತು. ಅಕ್ಕ ಇಳಿಜಾರಿನಲ್ಲಿ ಬರೆದ ಮೂರೂ ಕತ್ತರಿಸಿಟ್ಟ ಹಾಗೆ ಸ್ಪಷ್ಟ. ಏಣಿನ ಮೇಲಾಗಿದ್ದರೆ ಗ್ಲೇಜ್ ತೆಳುವಾಗಿ ನೀಲಿ ಕಪ್ಪಿಗೆ ತಿರುಗುತ್ತಿತ್ತು ಅಂದರು.

ಇದೆಲ್ಲಕ್ಕಿಂತ ಹೆಚ್ಚಾಗಿ, ಆರೂ ಹೂಜಿ ಹಿಡಿಯ ಕಡೆಗೆ ವಾಲಿದ್ದವು. ಮೂಲೆಮಟ್ಟ ಇಟ್ಟು ಅಳೆದೆ. ಕಡಿಮೆ ಅಂದರೆ 6 ಮಿ.ಮೀ., ಜಾಸ್ತಿ ಅಂದರೆ 8. ಸರಾಸರಿ 7. ಬಾಯಿ ಕೂಡ ದುಂಡಗಿರಲಿಲ್ಲ. ಹಿಡಿಯ ನೇರಕ್ಕೆ 92, ಅಡ್ಡಕ್ಕೆ 87.

1380 ಡಿಗ್ರಿಯಲ್ಲಿ ಪಿಂಗಾಣಿ ಮೆತ್ತಗಾಗಿರುತ್ತದೆ. ಒಂದು ಕಡೆ ಭಾರ ಇದ್ದರೆ ಆ ಕಡೆಗೆ ಹೋಗುತ್ತದೆ. ಊರೆ ಕೊಡೋಣವೆಂದರೆ ಮೈಯೆಲ್ಲ ಗ್ಲೇಜ್, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ.

ಮೇಸ್ತ್ರಿ ಒಂದು ಹೂಜಿಯನ್ನು ಎತ್ತಿ ಉಗುರಿನಿಂದ ತಟ್ಟಿದರು. ಗಂಟೆಯ ಹಾಗೆ ದನಿ ಬಂತು. ‘ಮಣ್ಣು ಬೆಂದಿದೆ, ಗೂಡಿನದ್ದೇನೂ ತಪ್ಪಿಲ್ಲ. ಆಕಾರವನ್ನೇ ಆ ಕಡೆಗೆ ವಾಲಿಸಬೇಕು ಮೇಡಂ. ಆಗ ಬೆಂಕಿ ಈ ಕಡೆಗೆ ತರುತ್ತದೆ.’

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷ ತಿಗರಿಯ ಮೇಲೆ ನೆಟ್ಟಗೆ ಎತ್ತುವುದನ್ನೇ ಅಭ್ಯಾಸ ಮಾಡಿದ್ದೇನೆ. ಸೊಟ್ಟ ಮಾಡುವುದು ಕೈಗೆ ಒಗ್ಗುವ ಮಾತಲ್ಲ. ಆದರೆ ಬೆಳಿಗ್ಗೆ ಅಚ್ಚಿನ ಕೋಣೆಗೆ ಹೋಗಿ ಅಟ್ಟಣಿಗೆಯ ಮೇಲಿದ್ದ ಹಳೆಯ ಮಾದರಿಗಳನ್ನು ಒಂದೊಂದಾಗಿ ಇಳಿಸಿ ನೋಡಿದೆ. ಕಪ್ಪಿನ ಬಾಯಿ ಮೊಟ್ಟೆಯಾಕಾರ. ತಟ್ಟೆಯ ನಡು ಉಬ್ಬಿದೆ. ಟೀಪಾಟಿನ ಹಿಡಿ ಮೇಲಕ್ಕೆದ್ದಿದೆ. ಮೊದಲ ದಿನ ಇವನ್ನೇ ನೋಡಿ, ಹಳೆಯದಾಗಿ ಸೊಟ್ಟಗಾಗಿವೆ ಅಂದುಕೊಂಡಿದ್ದೆ. ಪಕ್ಕದಲ್ಲೇ ಇದ್ದ ಸುಟ್ಟ ಪಾತ್ರೆಗಳನ್ನು ಮೂಲೆಮಟ್ಟ ಹಿಡಿದು ನೋಡಿದೆ. ಎಲ್ಲವೂ ನೆಟ್ಟಗಿದ್ದವು.

ದಿನ 35ರಿಂದ 55: ಎರಡನೇ ಸುತ್ತು, 8 ಮಿ.ಮೀ.

ಸುಟ್ಟ ಹೂಜಿಯಲ್ಲಿ 7 ಅಂದರೆ ಮಾದರಿಯ ಅಳತೆಯಲ್ಲಿ 8 ಮಿ.ಮೀ. ಪ್ಲಾಸ್ಟರ್ ಮಾದರಿಯನ್ನು ಹಿಡಿಯ ಎದುರಿಗೆ, ಅಂದರೆ ಕೊಕ್ಕಿನ ಕಡೆಗೆ ಅಷ್ಟು ವಾಲಿಸಬೇಕು. ತಳವನ್ನು ಕೊಕ್ಕಿನ ಕಡೆ 3.1 ಮಿ.ಮೀ. ಅರದಲ್ಲಿ ಉಜ್ಜಿ, ಹಿಡಿಯ ಕಡೆ ಸೊನ್ನೆಗೆ ತಂದೆವು. 286 ಮಿ.ಮೀ. ಎತ್ತರದಲ್ಲಿ ಅದು 8 ಆಗುತ್ತದೆ.

ಜೊತೆಗೆ ಇವನ್ನೂ ಬದಲಾಯಿಸಿದೆ. ತಳದ ನಡುವನ್ನು 2.5 ಮಿ.ಮೀ. ಮೇಲಕ್ಕೆ ಗುಮ್ಮಟದ ಹಾಗೆ ಎತ್ತಿ, ಅಡಿಯ ಬಳೆಯನ್ನು 3 ಮಿ.ಮೀ. ಮಾಡಿದೆ. ಬಾಯಿಯನ್ನು ಹಿಡಿಯ ನೇರಕ್ಕೆ 103, ಅಡ್ಡಕ್ಕೆ 108 ಇಟ್ಟೆ. ಹಿಡಿಯನ್ನು ಸಣ್ಣ ಮಾಡಿ 58 ಗ್ರಾಂಗೆ ಇಳಿಸಿದೆ. ಇಲ್ಲೊಂದು ತಪ್ಪಾಯಿತು, ಆಗ ಹೊಳೆಯಲಿಲ್ಲ.

ಕೂಡುಗೆರೆಗೆ ಮೇಸ್ತ್ರಿಯ ರೀತಿ ಹಿಡಿದೆ. ಅರೆ ಒಣಗಿದಾಗ ಗೆರೆಯನ್ನು ಮುಟ್ಟಲೇ ಇಲ್ಲ. ಪೂರ್ತಿ ಒಣಗುವ ಹೊತ್ತಿಗೆ ಹೆರೆದು, ಮೂಳೆಯ ಪಟ್ಟಿಯಲ್ಲಿ ಒತ್ತಿ, ಸುತ್ತಲಿನ ಮೈಗಿಂತ ಕೂದಲೆಳೆಯಷ್ಟು ಒಳಗೆ ಬಿಟ್ಟೆ. ತುಕ್ಕಿನ ಚೂರಿಯನ್ನು ಮನೆಗೆ ಕಳಿಸಿದೆ.

ಈ ಸಲ ಒಂದೇ ಅಚ್ಚು. ನಾಲ್ಕು ಹೂಜಿ.

ಗೂಡು ತೆರೆದಾಗ ಗೆರೆ ಮಾಯ. ತಳ ಅಂಟಲಿಲ್ಲ. ಬಾಯಿ 90.5ಕ್ಕೆ 89.5. ಆದರೆ ನಾಲ್ಕೂ ಈಗ ಕೊಕ್ಕಿನ ಕಡೆಗೆ 2 ಮಿ.ಮೀ. ವಾಲಿದ್ದವು. ಎರಡು ಕಾರಣ. ಎದುರಿಗೆ ವಾಲಿಸಿದ ಮೇಲೆ ಹಿಡಿಯ ಕಡೆ ಎಳೆಯುವ ಭಾರ ಮೊದಲಿನಷ್ಟು ಇರುವುದಿಲ್ಲ. ಜೊತೆಗೆ ಹಿಡಿಯನ್ನೂ ಹಗುರ ಮಾಡಿದ್ದೆ. ಒಂದೇ ಸಲ ಎರಡನ್ನು ಬದಲಾಯಿಸಿದ್ದರಿಂದ ಯಾವುದರ ಪಾಲು ಎಷ್ಟು ಅಂತ ಹೇಳಲು ಆಗಲಿಲ್ಲ. ಅಲ್ಲಿಂದ ಮುಂದೆ ಹಿಡಿಯ ತೂಕ ಮುಟ್ಟಬಾರದು ಅಂತ ಗೋಡೆಯ ಮೇಲೆ ಬರೆದೆ.

ಇನ್ನೊಂದು ದೋಷ ಈ ಸುತ್ತಿನಲ್ಲಿ ಕಂಡಿತು. ಒಂದು ಲೀಟರ್ ನೀರು ತುಂಬಿ ಬಗ್ಗಿಸಿದೆ. ಸುರಿದು ನಿಲ್ಲಿಸಿದ ಕೂಡಲೇ ಕೊಕ್ಕಿನ ಕೆಳಗೆ ನೀರು ಇಳಿಯಿತು. ಹಸಿಯಲ್ಲಿ ಅಂಚು ಚೂಪಾಗಿಯೇ ಇತ್ತು, ಗ್ಲೇಜ್ ಅದನ್ನು ದುಂಡಗೆ ಮಾಡಿತ್ತು. ಕೊಕ್ಕಿನ ಕೆಳಭಾಗವನ್ನು ಓರೆಯಾಗಿ ಕತ್ತರಿಸಿ, ಅದ್ದಿದ ಮೇಲೆ ಆ ಅಂಚಿನ ಗ್ಲೇಜನ್ನು ಬೆರಳಿನಿಂದ ತೆಳು ಮಾಡಿದರೆ ಸರಿಯಾಗುತ್ತದೆ ಅಂತ ಮುಂದಿನ ಸುತ್ತಿನಲ್ಲಿ ಗೊತ್ತಾಯಿತು.

ದಿನ 56ರಿಂದ 74: ಮೂರನೇ ಸುತ್ತು, 6 ಮಿ.ಮೀ.

ತಳವನ್ನು ಹಿಡಿಯ ಕಡೆ ಮುಕ್ಕಾಲು ಮಿಲಿಮೀಟರ್ ಉಜ್ಜಿದೆ. ವಾಲು 8ರಿಂದ 6ಕ್ಕೆ ಬಂತು. ಮತ್ತೆ ಒಂದು ಅಚ್ಚು, ನಾಲ್ಕು ಹೂಜಿ.

ದಿನ 74ರ ಬೆಳಿಗ್ಗೆ ಗಾಜಿನ ಹಲಗೆಯ ಮೇಲೆ ನಾಲ್ಕನ್ನೂ ಇಟ್ಟು ಮೂಲೆಮಟ್ಟ ತಂದೆ. ನನ್ನ ಕೈ ನಡುಗುತ್ತಿತ್ತು. ಮೂರು ಹೂಜಿಯಲ್ಲಿ ಉಕ್ಕಿನ ಅಂಚಿಗೂ ಬಾಯಿಯ ಅಂಚಿಗೂ ನಡುವೆ ಬೆಳಕು ಎರಡೂ ಕಡೆ ಒಂದೇ ಸಮ. ನಾಲ್ಕನೆಯದು ಒಂದು ಮಿಲಿಮೀಟರಿಗೂ ಕಡಿಮೆ ಆಚೆ. ಪಕ್ಕದಲ್ಲಿ ಅದೇ ಅಚ್ಚಿನ ಪ್ಲಾಸ್ಟರ್ ಮಾದರಿ ಇತ್ತು. ಅದು ಯಾರೋ ತಳ್ಳಿದ ಹಾಗೆ ಮುಂದಕ್ಕೆ ಬಾಗಿ ನಿಂತಿತ್ತು. ಎರಡನ್ನೂ ಒಟ್ಟಿಗೆ ತುಂಬ ಹೊತ್ತು ನೋಡಿದೆ. ಬಣ್ಣದ ಕೋಣೆಯಿಂದ ಅಕ್ಕನೂ ಬಂದು ನೋಡಿ ಹೋದರು.

ದಿನ 75ರಿಂದ 108: ಮೂವತ್ತಕ್ಕಾಗಿ ಐವತ್ತೆರಡು

ಈಗ ತಾಯಿ ಅಚ್ಚು ಮಾಡಿದೆವು, ಇನ್ನೆರಡು ಕೆಲಸದ ಅಚ್ಚು ತೆಗೆದೆವು. ಮೂರು ಅಚ್ಚು, ದಿನಕ್ಕೆ ಹೆಚ್ಚೆಂದರೆ ಆರು ಎರಕ, ಒಂಬತ್ತು ದಿನ.

ತೆಗೆದದ್ದು 52. ಬಿಡಿಸುವಾಗ ಹರಿದದ್ದು 3, ಹಿಡಿ ಸೀಳಿದ್ದು 2. ಬಿಸ್ಕ್‌ಗೆ ಹೋದದ್ದು 47. ಅಲ್ಲಿ ಒಂದು ಒಡೆಯಿತು. ಎರಡರಲ್ಲಿ ನೀಲಿ ಎಳೆ ಕೆಟ್ಟಿತು, ಎರಡೂ ನಾನು ಬರೆದದ್ದು. ಗ್ಲೇಜ್ ಸುಡುವಿಕೆಗೆ 44. ಒಳ್ಳೆಯದಾಗಿ ಬಂದದ್ದು 31.

ಹೋದ 13ರಲ್ಲಿ 5 ಹೂಜಿ 2 ಮಿ.ಮೀ.ಗಿಂತ ಜಾಸ್ತಿ ವಾಲಿದ್ದವು. ಅವೆಲ್ಲ ಗೂಡಿನ ಒಂದೇ ಮೂಲೆಯಲ್ಲಿದ್ದವು, ಅಲ್ಲಿ ಬಿಸಿ ಹೆಚ್ಚು ಇರಬೇಕು. 4ರಲ್ಲಿ ಚುಕ್ಕೆ, 2ರಲ್ಲಿ ಹಿಡಿಯ ಸೀಳು, 2 ತಣ್ಣಗಾಗುವಾಗ ಬಿರಿದದ್ದು. ನೀರು ಸುರಿಯುವ ಪರೀಕ್ಷೆಯಲ್ಲಿ 31ರಲ್ಲಿ 27 ಒಂದು ಹನಿಯನ್ನೂ ಕೆಳಗೆ ಬಿಡಲಿಲ್ಲ. 4ರಲ್ಲಿ ಒಂದೊಂದು ಹನಿ ಇಳಿಯುತ್ತದೆ. ಅದನ್ನು ಇನ್ನೂ ಸರಿಮಾಡಲು ಆಗಿಲ್ಲ.

ಒಟ್ಟು ಪ್ಲಾಸ್ಟರ್ 102 ಕೆ.ಜಿ. ಒಟ್ಟು ಎರಕ 74, ಅದರಲ್ಲಿ ಪರೀಕ್ಷೆಗೇ 22. ಹರಿದ ಹಸಿ ಎರಕಗಳನ್ನು ಮತ್ತೆ ಸ್ಲಿಪ್‌ಗೆ ಸೇರಿಸಿದರು, ಆದರೆ ಹೊಸದಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಅಲ್ಲ. ಪ್ಲಾಸ್ಟರ್ ತಗುಲಿದ ಅಂಚನ್ನು ಕತ್ತರಿಸಿ ಎಸೆದೇ ಸೇರಿಸಬೇಕು. ಸುಟ್ಟ ಮೇಲೆ ಹೋದದ್ದು ಹೋದದ್ದೇ, ಅದು ಮತ್ತೆ ಮಣ್ಣಾಗುವುದಿಲ್ಲ.

ಅಡಿಯಲ್ಲಿ ಕಾರ್ಖಾನೆಯ ನೀಲಿ ಗುರುತು ಇದೆ, ಅದರ ಪಕ್ಕ ನನ್ನ ಗುರುತು. ಬಣ್ಣದ ಕೋಣೆಯ ಅಕ್ಕನಿಗೂ ತಮ್ಮ ಗುರುತು ಹಾಕಲು ಹೇಳಿದೆ. ಅವರು ಅಡಿಯ ಬಳೆಯ ಒಳಗೆ ಒಂದು ಸಣ್ಣ ಚುಕ್ಕೆ ಇಟ್ಟರು. 31ನೆಯ ಹೂಜಿ ಅಚ್ಚಿನ ಕೋಣೆಯ ಅಟ್ಟಣಿಗೆಯ ಮೇಲೆ, ಪ್ಲಾಸ್ಟರ್ ಮಾದರಿಯ ಪಕ್ಕದಲ್ಲಿ ಉಳಿಯಿತು. ತಾಯಿ ಅಚ್ಚಿನ ಹಿಂಬದಿಗೆ ಮೇಸ್ತ್ರಿ ಪೆನ್ಸಿಲಿನಲ್ಲಿ ಬರೆದಿದ್ದಾರೆ: ‘ಹಿಡಿಯ ಎದುರಿಗೆ 6. ಹಿಡಿ 58 ಗ್ರಾಂ. ಗೂಡಿನ ಎಡ ಮೂಲೆ ಬೇಡ.’